ಪಕ್ಕದಲ್ಲಿ ಕುಳಿತವರು

ಕಳೆದ ವರ್ಷದ ಮಾತು. ಬಿ.ಎ. ಕೊನೆಯ ವರ್ಷದ ತರಗತಿಯಲ್ಲಿ ನಾನು ಬಂಡಾಯ ಕಾವ್ಯವನ್ನು ಪಾಠ ಮಾಡುತ್ತಿದ್ದೆ. ನಡುವೆ ಪಂಕ್ತಿಭೇದದ ಪ್ರಸ್ತಾಪ ಬಂತು. ಅಮೆರಿಕದ ದಕ್ಷಿಣ ಭಾಗದಲ್ಲಿಯೂ ಬಿಳಿಯರ ಪಕ್ಕದಲ್ಲಿ ಕಪ್ಪು ಜನ ಕುಳಿತು ಉಣ್ಣಲಾಗದ ಕಾಲವೊಂದಿತ್ತೆಂದು ನಾನು ಹೇಳುತ್ತಿರುವಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು, ತನ್ನ ಮೊಬೈಲಿನಲ್ಲಿ ಹುಡುಕಿ ತೆಗೆದ ಒಂದು ಛಾಯಾಚಿತ್ರವನ್ನು ನನ್ನ ಮುಂದೆ ಹಿಡಿದನು. ತರಗತಿಯಲ್ಲಿ ಮೊಬೈಲು ತೆಗೆಯಬಾರದೆಂಬ ನಿಯಮವನ್ನು ಆ ಗಳಿಗೆಯಲ್ಲಿ ನಾನೂ ಮರೆತೆ.

1963ನೆಯ ಇಸವಿ ಮೇ 28ರಂದು, ಮಿಸಿಸಿಪಿ ಸಂಸ್ಥಾನದ ಜಾಕ್ಸನ್ ನಗರದಲ್ಲಿ, ವೂಲ್‌ವರ್ತ್ ಎಂಬ ದೊಡ್ಡ ಅಂಗಡಿಯೊಳಗೆ ತೆಗೆದ ಚಿತ್ರವದು. ತಿಂಡಿಯ ಕೌಂಟರಿನ ಮುಂದೆ ಮೂವರು ಕುಳಿತಿದ್ದಾರೆ. ಒಬ್ಬ ಗಂಡಸು, ಇಬ್ಬರು ತರುಣಿಯರು. ಅವರ ತಲೆಯ ಮೇಲೆ, ಬೆನ್ನಿನ ಮೇಲೆ ಸಕ್ಕರೆ, ಸಾಸಿವೆಯ ಗೊಜ್ಜು, ಟೊಮೆಟೊ ಸಾಸು ಸುರಿದಿದೆ. ಅವರ ಬೆನ್ನ ಹಿಂದೆ ಒತ್ತೊತ್ತಾಗಿ ನಿಂತ ಗುಂಪು. ಕುಳಿತವರು ತಿರುಗಿಯೂ ನೋಡುತ್ತಿಲ್ಲ.

“ಇವರು ಎದ್ದು ಯಾಕೆ ಹೋಗಲಿಲ್ಲ, ಸರ್?” ಎಂದು ಹುಡುಗ ಕೇಳಿದನು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಚಿತ್ರವನ್ನು ತಾನೂ ನೋಡಿ, “ಹಿಂದೆ ನಿಂತು ನಗುತ್ತಿರುವವರೂ ನಮ್ಮ ವಯಸ್ಸಿನವರೇ ಅಲ್ಲವೆ?” ಎಂದಳು. ಅವಳ ಕಣ್ಣು ಸೂಕ್ಷ್ಮವಾದುದು. ಆ ಗುಂಪಿನಲ್ಲಿ ಬಹುಮಂದಿ ಬಿಳಿಯರ ಹೈಸ್ಕೂಲಿನ ಹುಡುಗರೇ ಆಗಿದ್ದರು. ತಾರುಣ್ಯದ ಬಿಸಿರಕ್ತವೇ ಕಾರಣವೆಂದು ಹೇಳುವ ದಾರಿಯನ್ನು ಆಕೆ ಒಂದೇ ಪ್ರಶ್ನೆಯಿಂದ ಮುಚ್ಚಿಬಿಟ್ಟಳು. ನಾನು “ನ್ಯಾಯದಲ್ಲಿ ಅವರಿಗಿದ್ದ ನಂಬಿಕೆ” ಎಂದು ಏನೋ ಹೇಳಿದೆ. ಗಂಟೆ ಬಾರಿಸಿತು. ಉತ್ತರ ಹೇಳಿದವನಿಗೇ ಆ ಉತ್ತರ ಸಾಲದೆಂಬುದು ತಿಳಿದಿತ್ತು. ಅದೇಕೆಂಬುದನ್ನು ಮುಂದೆ ಹೇಳುವೆನು. ಅಂದಿನಿಂದ ಕೆಲವು ತಿಂಗಳು ಆ ವಿದ್ಯಾರ್ಥಿಗಳ ಕಥೆಯನ್ನು ಸಿಕ್ಕಿದ ಪುಸ್ತಕಗಳಲ್ಲೆಲ್ಲ ಓದಿದೆ.

ಕಥೆ ಎಲ್ಲರೂ ತೊಡಗುವ ಕಡೆಯಿಂದಲೇ ತೊಡಗಲಿ. 1960ನೆಯ ಇಸವಿ ಫೆಬ್ರವರಿ 1, ಸೋಮವಾರ. ಉತ್ತರ ಕ್ಯಾರೊಲಿನದ ಗ್ರೀನ್ಸ್‌ಬರೊ ನಗರ. ಕಪ್ಪು ಜನರ ಕೃಷಿ ಮತ್ತು ತಾಂತ್ರಿಕ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದ ನಾಲ್ವರು ಹುಡುಗರು, ಎಜೆಲ್ ಬ್ಲೇರ್, ಡೇವಿಡ್ ರಿಚ್ಮಂಡ್, ಫ್ರಾಂಕ್ಲಿನ್ ಮೆಕ್ಕೇನ್, ಜೋಸೆಫ್ ಮೆಕ್‌ನೀಲ್, ಅಲ್ಲಿನ ವೂಲ್‌ವರ್ತ್ ಅಂಗಡಿಗೆ ಹೋದರು. ಹಲ್ಲುಜ್ಜುವ ಪೇಸ್ಟಿನಂಥ ಚಿಲ್ಲರೆ ಸಾಮಾನು ಕೊಂಡು ರಸೀದಿ ಪಡೆದರು. ಆಮೇಲೆ ತಿಂಡಿಯ ಕೌಂಟರಿಗೆ ಹೋಗಿ ಕುಳಿತು ಕಾಫಿ ಕೇಳಿದರು. ಅಂಗಡಿಯ ನಡವಳಿ ವಿಚಿತ್ರವಾದುದು. ಕಪ್ಪು ಜನರ ಕಾಸು ಪೇಸ್ಟಿನ ಗಲ್ಲೆಯಲ್ಲಿ ಸಲ್ಲುತ್ತಿತ್ತು. ಹತ್ತು ಹೆಜ್ಜೆಯಾಚೆ, ಕುಳಿತು ಕುಡಿಯುವ ಕಾಫಿಗೆ ಸಲ್ಲುತ್ತಿರಲಿಲ್ಲ. ಹುಡುಗರು ರಸೀದಿಯನ್ನು ತೋರಿಸಿ ಇದನ್ನೇ ವಿನಯದಿಂದ ಕೇಳಿದರು. ಕಾಫಿ ಬರಲಿಲ್ಲ. ಅಂಗಡಿ ಮುಚ್ಚುವವರೆಗೆ ಕುಳಿತಿದ್ದು ಎದ್ದುಬಂದರು.

ಆ ದಿನದ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ನಿಂತಿವೆ. ಕೌಂಟರಿನ ಹಿಂದೆ ದುಡಿಯುತ್ತಿದ್ದ ಕಪ್ಪು ಹೆಂಗಸೊಬ್ಬಳು ಈ ಹುಡುಗರನ್ನೇ ಗದರಿದಳು. ಇಂಥವರಿಂದಲೇ ನಮ್ಮ ಜನಕ್ಕೆ ಕೆಟ್ಟ ಹೆಸರೆಂದು ಆಕೆಯ ಮಾತಿನ ತಾತ್ಪರ್ಯ. ಇನ್ನೊಂದು ಕಡೆ, ಆವರೆಗೂ ಅವರನ್ನೇ ದಿಟ್ಟಿಸುತ್ತಿದ್ದ ಬಿಳಿಯ ಮುದುಕಿಯೊಬ್ಬಳು ಎದ್ದು ಬಂದು ಅವರ ಹೆಗಲ ಮೇಲೆ ಕೈಯಿಟ್ಟು, ನನಗೆ ನಿಮ್ಮ ಮೇಲೆ ಬೇಸರ, ಇದನ್ನು ಮಾಡಲು ಇಷ್ಟು ಕಾಲ ಏಕೆ ತೆಗೆದುಕೊಂಡಿರಿ ಎಂದಳಂತೆ. ಮೆಕ್ಕೇನ್ ಇದನ್ನು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾನೆ. ಚರ್ಮದ ಬಣ್ಣವನ್ನು ನೋಡಿ ಮನಸ್ಸಿನ ಬಣ್ಣವನ್ನು ಊಹಿಸಬಾರದೆಂಬ ಪಾಠ ಅವನಿಗೆ ಅಲ್ಲಿಯೇ ಆಯಿತು.

ಆದರೆ ನಮ್ಮ ಪ್ರಶ್ನೆ ಇದಕ್ಕೆ ಹಿಂದಿನದು. ಅವರನ್ನು ಅಲ್ಲಿಗೆ ಕರೆದೊಯ್ದುದೇನು? ಕಾರಣಗಳನ್ನು ಹೇಳಲು ಹೊರಟರೆ ಕೊರತೆಯಿಲ್ಲ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪು ಕೊಟ್ಟಿತ್ತು. ಆರು ವರ್ಷವಾದರೂ ದಕ್ಷಿಣದ ಬಹುತೇಕ ಶಾಲೆಗಳಲ್ಲಿ ಏನೂ ಬದಲಾಗಿರಲಿಲ್ಲ. 1955ರಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಬಾಲಕನನ್ನು ಮಿಸಿಸಿಪಿಯಲ್ಲಿ ಬಿಳಿಯರು ಕೊಂದು ಹೊಳೆಗೆ ಎಸೆದಿದ್ದರು. ಅವನ ತಾಯಿ ಆ ವಿರೂಪಗೊಂಡ ದೇಹವನ್ನು ಲೋಕವೆಲ್ಲ ನೋಡಲೆಂದು ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದಳು. ಪತ್ರಿಕೆಯಲ್ಲಿ ಆ ಚಿತ್ರವನ್ನು ಕಂಡ ಮಕ್ಕಳು 1960ರಲ್ಲಿ ಕಾಲೇಜು ಸೇರುವ ವಯಸ್ಸಿಗೆ ಬಂದಿದ್ದರು. ಇಷ್ಟರ ಮೇಲೆ ಸ್ವಂತ ಗಾಯಗಳು. ಮೆಕ್‌ನೀಲ್ ಕ್ರಿಸ್‌ಮಸ್ ರಜೆಗೆ ನ್ಯೂಯಾರ್ಕಿಗೆ ಹೋಗಿ ಮರಳುವಾಗ ಗ್ರೀನ್ಸ್‌ಬರೊ ಬಸ್ ನಿಲ್ದಾಣದಲ್ಲಿ ಅವನಿಗೆ ತಿನ್ನಲು ಕೊಡದೆ ಕಳುಹಿಸಿದ್ದರು.

ಇವೆಲ್ಲ ನಿಜ. ಆದರೆ ಈ ಗಾಯಗಳು ಆ ಕಾಲೇಜಿನ ಸಾವಿರಾರು ಹುಡುಗರಿಗೂ ಇದ್ದವು, ಅವರ ತಂದೆತಾಯಿಗಳಿಗೂ ಇದ್ದವು. ಎಲ್ಲರಿಗೂ ಇದ್ದ ನೋವು ನಾಲ್ವರನ್ನು ಮಾತ್ರ ಎಬ್ಬಿಸಿತೇಕೆ? ಅವರೇ ಹೇಳಿದ ಉತ್ತರ ಬಹಳ ಸರಳ. ನಾಲ್ವರೂ ಹಾಸ್ಟೆಲಿನಲ್ಲಿ ಒಡನಾಡಿಗಳು. ರಾತ್ರಿಯೆಲ್ಲ ಕೋಣೆಯಲ್ಲಿ ಕುಳಿತು ಇದನ್ನೇ ಹರಟುತ್ತಿದ್ದರು. ಹರಟಿ ಹರಟಿ ತಮ್ಮ ಮಾತಿಗೆ ತಾವೇ ನಾಚುವ ಸ್ಥಿತಿಗೆ ಬಂದರು. ಭಾನುವಾರ ರಾತ್ರಿ ಒಬ್ಬ ಇನ್ನೊಬ್ಬನನ್ನು, ಹೇಡಿಯೋ ಅಲ್ಲವೋ ಹೇಳಿಬಿಡು ಎಂಬಂತೆ ಕೆಣಕಿದನು. ಮರುದಿನ ಹಿಂದೆ ಸರಿಯಲು ನಾಲ್ವರಲ್ಲಿ ಒಬ್ಬನಿಗೂ ಮುಖವಿರಲಿಲ್ಲ. ಇತಿಹಾಸದ ಗ್ರಂಥಗಳು ಇದನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ. ಹಾಸ್ಟೆಲಿನಲ್ಲಿ ಬೆಳೆದ ನನ್ನಂಥವನಿಗೆ ಮಾತ್ರ ಇಡೀ ಕಥೆಯ ಗುಟ್ಟು ಆ ಸಾಲಿನಲ್ಲಿಯೇ ಇದೆಯೆನಿಸುತ್ತದೆ.

ಎರಡನೆಯ ದಿನ ಕೌಂಟರಿನ ಮುಂದೆ ಕುಳಿತವರು ಇಪ್ಪತ್ತಕ್ಕೂ ಹೆಚ್ಚು. ವಾರದ ಕೊನೆಗೆ ನೂರಾರು. ಇಂಥ ಧರಣಿ ಇದೇ ಮೊದಲೇನೂ ಅಲ್ಲ. 1957ರಲ್ಲಿ ಡರ್ಹಮಿನಲ್ಲಿ, 1958ರಲ್ಲಿ ವಿಚಿಟ ಮತ್ತು ಒಕ್ಲಹೋಮ ನಗರಗಳಲ್ಲಿ ನಡೆದಿತ್ತು. ಆದರೆ ಈ ಸಲ ಕಿಡಿ ಕಾಲೇಜಿನಿಂದ ಕಾಲೇಜಿಗೆ ಹಾರಿತು. ಏಪ್ರಿಲಿನಲ್ಲಿ, ಎಲ್ಲಾ ಬೇಕರ್ ಎಂಬ ಹಿರಿಯ ಮಹಿಳೆಯ ಮುತುವರ್ಜಿಯಿಂದ, ವಿದ್ಯಾರ್ಥಿಗಳು ತಮ್ಮದೇ ಒಂದು ಅಹಿಂಸಾ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು. ಮುಂದಿನ ವರ್ಷದ ಶರತ್ಕಾಲದ ಹೊತ್ತಿಗೆ ಧರಣಿಗಳಲ್ಲಿ ಪಾಲ್ಗೊಂಡವರು ಸುಮಾರು 70,000 ಎಂದು ಅಂದಿನ ಒಂದು ಅಂದಾಜು.

ವಿದ್ಯಾರ್ಥಿಗಳಿಗೇನು, ಕಳೆದುಕೊಳ್ಳಲು ಮನೆಯೇ ಮಠವೇ ಎನ್ನುವವರುಂಟು. ಈ ಮಾತನ್ನು ನಾನು ಒಪ್ಪಲಾರೆ. ಅಲಬಾಮದ ಮಾಂಟ್ಗಮರಿಯಲ್ಲಿ ಇದೇ ಫೆಬ್ರವರಿಯ ಕೊನೆಯ ವಾರ ಕೆಲವು ವಿದ್ಯಾರ್ಥಿಗಳು ನ್ಯಾಯಾಲಯದ ಕಟ್ಟಡದಲ್ಲಿದ್ದ ಉಪಾಹಾರಗೃಹಕ್ಕೆ ಹೋಗಿ ಕುಳಿತರು. ಒಂಬತ್ತು ಮಂದಿಯನ್ನು ಅವರ ಸರಕಾರಿ ಕಾಲೇಜಿನಿಂದ ಹೊರಹಾಕಲಾಯಿತು. ವಿಚಾರಣೆಯಿಲ್ಲ, ಕಾರಣ ಕೇಳುವ ನೋಟೀಸಿಲ್ಲ. ಅವರು ದಾವೆ ಹೂಡಿದರು. ಸರಕಾರಿ ಕಾಲೇಜು ವಿದ್ಯಾರ್ಥಿಯನ್ನು ತೆಗೆಯುವ ಮುನ್ನ ನೋಟೀಸು ಕೊಟ್ಟು ಅವನ ಮಾತನ್ನು ಕೇಳಬೇಕೆಂದು ಮೇಲಿನ ನ್ಯಾಯಾಲಯ 1961ರಲ್ಲಿ ತೀರ್ಪಿತ್ತಿತು. ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನಿಗೆ ಆ ಸೀಟು ಎಂಥ ಆಸ್ತಿಯೆಂಬುದನ್ನು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಜಾನ್ ಲೂಯಿಸ್ ಅಲಬಾಮದ ಬಡ ರೈತನ ಮಗ. ಓದಲು ನ್ಯಾಷ್‌ವಿಲ್‌ಗೆ ಬಂದು, ಊಟದ ಮನೆಯಲ್ಲಿ ಪಾತ್ರೆ ತೊಳೆದು ಶುಲ್ಕ ತೀರಿಸುತ್ತಿದ್ದವನು. ಅವನು ಜೈಲಿಗೆ ಹೋದ ಸುದ್ದಿ ತಿಳಿದಾಗ, ಈ ಗೊಡವೆ ಬಿಟ್ಟು ಓದಿನ ಕಡೆ ನೋಡೆಂದು ತಾಯಿ ಕಾಗದ ಬರೆದಳು. ತಾಯಿಯ ಮಾತನ್ನು ಮೀರುವುದು ಪೊಲೀಸರ ಲಾಠಿಗಿಂತ ಕಷ್ಟವಾದದ್ದು.

ಅದನ್ನು ಮೀರಲು ಆ ಹುಡುಗನಿಗೆ ಬಲ ಕೊಟ್ಟದ್ದೇನೆಂದು ಹುಡುಕಿದರೆ, ದಾರಿ ನಮ್ಮ ನಾಗಪುರದ ಮೂಲಕ ಹಾದುಹೋಗುತ್ತದೆ. ಜೇಮ್ಸ್ ಲಾಸನ್ ಎಂಬ ತರುಣ ಕೊರಿಯ ಯುದ್ಧಕ್ಕೆ ಹೋಗೆನೆಂದು ಸೆರೆಮನೆ ಸೇರಿದವನು. ಬಿಡುಗಡೆಯಾದ ಮೇಲೆ 1953ರಲ್ಲಿ ಭಾರತಕ್ಕೆ ಬಂದು ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮೂರು ವರ್ಷ ದುಡಿದು, ಹುಡುಗರಿಗೆ ಆಟ ಕಲಿಸುತ್ತ, ತಾನು ಗಾಂಧೀಜಿಯ ಸತ್ಯಾಗ್ರಹವನ್ನು ಕಲಿತನು. ಮಾಂಟ್ಗಮರಿಯಲ್ಲಿ ಕಪ್ಪು ಜನ ಬಸ್ಸುಗಳನ್ನು ಬಹಿಷ್ಕರಿಸಿದ ಸುದ್ದಿಯನ್ನು ಅವನು ಓದಿದ್ದು ನಾಗಪುರದ ಪತ್ರಿಕೆಯಲ್ಲಿ. ತಾನು ಇಲ್ಲಿ ಹುಡುಕುತ್ತಿರುವುದು ತನ್ನ ನೆಲದಲ್ಲಿಯೇ ಮೊಳೆತಿದೆಯೆಂದು ಹಿಗ್ಗಿದನು. ಊರಿಗೆ ಮರಳಿದ ಮೇಲೆ, 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭೇಟಿಯಾಗಿ ದಕ್ಷಿಣಕ್ಕೆ ಬಂದುಬಿಡೆಂದು ಒತ್ತಾಯಿಸಿದಾಗ, ನ್ಯಾಷ್‌ವಿಲ್‌ಗೆ ಬಂದು ನೆಲೆಸಿದನು.

ಅಲ್ಲಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅವನು ನಡೆಸಿದ ಪಾಠಗಳು ಯಾವ ವಿಶ್ವವಿದ್ಯಾನಿಲಯದ ಪಠ್ಯದಲ್ಲಿಯೂ ಇಲ್ಲ. 1959ರ ಶರತ್ಕಾಲದಲ್ಲಿ ವಾರವಾರವೂ ವಿದ್ಯಾರ್ಥಿಗಳು ಕೂಡುತ್ತಿದ್ದರು. ಕುರ್ಚಿಗಳನ್ನು ಸಾಲಾಗಿಟ್ಟು ಅದನ್ನೇ ತಿಂಡಿಯ ಕೌಂಟರೆಂದು ಭಾವಿಸುವುದು. ಕೆಲವರು ಕುಳಿತುಕೊಳ್ಳಬೇಕು, ಉಳಿದವರು ಬಿಳಿಯ ಪುಂಡರಂತೆ ಬೈಯಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು, ಕುರ್ಚಿಯಿಂದ ಎಳೆದು ಕೆಡವಬೇಕು. ಬಿದ್ದವನು ತಿರುಗಿ ಹೊಡೆಯದೆ ತಲೆಯನ್ನು ಹೇಗೆ ಕಾಪಾಡಿಕೊಳ್ಳಬೇಕು, ಒಬ್ಬನ ಮೇಲೆ ಏಟು ಬೀಳುತ್ತಿದ್ದರೆ ಇನ್ನೊಬ್ಬನು ಹೇಗೆ ಅಡ್ಡ ಬಂದು ಆ ಏಟನ್ನು ಹಂಚಿಕೊಳ್ಳಬೇಕು ಎಂಬುದೆಲ್ಲ ಅಭ್ಯಾಸವಾಗಬೇಕು. ನಮ್ಮ ಕಡೆಯ ತಾಲೀಮಿನಂತೆಯೇ ಇದೂ ಒಂದು ಸಾಧನೆ. ಗೆಲ್ಲುವುದು ಮಾತ್ರ ಬೇರೆ ಬಗೆ.

ಆ ನೆಲಮಾಳಿಗೆಗೆ ಬಂದವರಲ್ಲಿ ಡಯಾನ್ ನ್ಯಾಷ್ ಒಬ್ಬಳು. ಷಿಕಾಗೊದಲ್ಲಿ ಬೆಳೆದ ಈ ಹುಡುಗಿ ನ್ಯಾಷ್‌ವಿಲ್‌ಗೆ ಓದಲು ಬಂದು, ಜಾತ್ರೆಯಂಥ ಒಂದು ಮೇಳದಲ್ಲಿ ಶೌಚಾಲಯದ ಬಾಗಿಲ ಮೇಲೆ ಕಪ್ಪು ಹೆಂಗಸರಿಗೆ ಬೇರೆ ಫಲಕ ಕಂಡು ನಡುಗಿಹೋದಳು. ಮೊದಲ ಪಾಠಗಳಲ್ಲಿ ಅಹಿಂಸೆ ಕೆಲಸ ಮಾಡೀತೆಂಬ ನಂಬಿಕೆಯೇ ಅವಳಿಗಿರಲಿಲ್ಲ. ಧರಣಿಯ ದಿನ ತರಗತಿಯಲ್ಲಿ ಕುಳಿತಿರುವಾಗ, ಹೊತ್ತು ಹತ್ತಿರವಾದಂತೆ ಅಂಗೈಯೆಲ್ಲ ಬೆವರುತ್ತಿತ್ತೆಂದು ಆಕೆಯೇ ಹೇಳಿದ್ದಾಳೆ. ಇದನ್ನು ಓದಿದಾಗ ನಾನು ತರಗತಿಯಲ್ಲಿ ಕೊಟ್ಟ ಉತ್ತರ ಪೂರ್ತಿ ಬಿದ್ದುಹೋಯಿತು. ನಂಬಿಕೆ ಮೊದಲು ಗಟ್ಟಿಯಾಗಿ, ಭಯ ಅಳಿದು, ಆಮೇಲೆ ಅವಳು ಹೊರಟವಳಲ್ಲ. ಭಯವನ್ನು ಕಟ್ಟಿಕೊಂಡೇ ಹೋದಳು. ಹೋಗಿ ಕುಳಿತ ಮೇಲೆ ನಂಬಿಕೆ ಬಂತು.

1960ರ ಫೆಬ್ರವರಿ 27ರಂದು ನ್ಯಾಷ್‌ವಿಲ್ ಕೌಂಟರುಗಳ ಮುಂದೆ ಹುಡುಗರನ್ನು ಹೊಡೆದರು. ಪೊಲೀಸರು ಹಿಡಿದದ್ದು ಹೊಡೆದವರನ್ನಲ್ಲ, ಹೊಡೆಸಿಕೊಂಡವರನ್ನು. ಒಂದು ಸಾಲನ್ನು ಕರೆದೊಯ್ದರೆ ಇನ್ನೊಂದು ಸಾಲು ಬಂದು ಅದೇ ಪೀಠಗಳಲ್ಲಿ ಕೂತಿತು. ಲಾಸನ್‌ನನ್ನು ಅವನು ಓದುತ್ತಿದ್ದ ವಿಶ್ವವಿದ್ಯಾನಿಲಯ ಹೊರಹಾಕಿತು. ಏಪ್ರಿಲ್ 19ರಂದು, ವಿದ್ಯಾರ್ಥಿಗಳ ಪರ ವಾದಿಸುತ್ತಿದ್ದ ವಕೀಲರ ಮನೆಗೆ ಬಾಂಬು ಬಿತ್ತು. ಅಂದೇ ಸಾವಿರಾರು ಮಂದಿ ಮೌನವಾಗಿ ನಗರಸಭೆಗೆ ನಡೆದುಹೋದರು. ಅಲ್ಲಿನ ಮೆಟ್ಟಿಲ ಮೇಲೆ ನ್ಯಾಷ್ ಮೇಯರನ್ನು ನೇರವಾಗಿ ಕೇಳಿದಳು: ಬಣ್ಣವನ್ನು ನೋಡಿ ಭೇದವೆಣಿಸುವುದು ಸರಿಯೆ? ಸರಿಯಲ್ಲವೆಂದು ಮೇಯರು ಎಲ್ಲರೆದುರಿಗೆ ಒಪ್ಪಿಕೊಂಡನು. ಮೇ 10ರಂದು ನಗರದ ಕೆಲವು ಕೌಂಟರುಗಳು ಎಲ್ಲರಿಗೂ ತೆರೆದವು. ಮರುವರ್ಷ, ದಕ್ಷಿಣಕ್ಕೆ ಹೊರಟಿದ್ದ ಸ್ವಾತಂತ್ರ್ಯಯಾತ್ರೆಯ ಬಸ್ಸನ್ನು ಅಲಬಾಮದಲ್ಲಿ ಸುಟ್ಟಾಗ, ಯಾತ್ರೆ ನಿಲ್ಲಬಾರದೆಂದು ಹೊಸ ತಂಡವನ್ನು ಕಳುಹಿಸಿದವರೂ ಇದೇ ಗೆಳೆಯರ ಗುಂಪು. ಅಪಾಯವನ್ನು ತಿಳಿಸಲು ಫೋನು ಮಾಡಿದ ಕೇಂದ್ರ ಸರಕಾರದ ಅಧಿಕಾರಿಗೆ ನ್ಯಾಷ್, ಹೊರಡುವವರೆಲ್ಲ ನಿನ್ನೆ ರಾತ್ರಿಯೇ ಮರಣಶಾಸನ ಬರೆದುಕೊಟ್ಟಿದ್ದಾರೆಂದು ತಿಳಿಸಿದಳು. ಇಪ್ಪತ್ತರ ಆಚೀಚಿನ ಮಕ್ಕಳು!

ಇದನ್ನೆಲ್ಲ ಕಥೆಯಾಗಿ ಓದಿ ನನ್ನ ಊಹೆಯನ್ನು ನಾನು ಮಾಡಿಕೊಂಡಿದ್ದೆ. ಆದರೆ ಊಹೆಗೆ ಆಧಾರ ಬೇಕು. ಅದು ಸಿಕ್ಕಿದ್ದು ಡಗ್ ಮೆಕ್ಆಡಂ ಎಂಬ ಸಮಾಜಶಾಸ್ತ್ರಜ್ಞ 1988ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ. 1964ರ ಬೇಸಗೆಯಲ್ಲಿ ಉತ್ತರದ ಕಾಲೇಜುಗಳ ನೂರಾರು ವಿದ್ಯಾರ್ಥಿಗಳು, ಬಹುಪಾಲು ಬಿಳಿಯರು, ಕಪ್ಪು ಜನರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸಲು ಮಿಸಿಸಿಪಿಗೆ ಹೋದರು. ಹೋಗಬಯಸಿದವರು ಉದ್ದನೆಯ ಅರ್ಜಿ ತುಂಬಬೇಕಾಗಿತ್ತು. ಏಕೆ ಬರುತ್ತೀರೆಂಬುದನ್ನು ಬರೆಯಬೇಕಾಗಿತ್ತು. ತಮ್ಮ ಸುದ್ದಿ ತಿಳಿಸಬೇಕಾದ ಹತ್ತು ಮಂದಿಯ ಹೆಸರು ಕೊಡಬೇಕಾಗಿತ್ತು. ಆ ಅರ್ಜಿಗಳು ಉಳಿದುಬಂದಿವೆ. ಆಯ್ಕೆಯಾದವರಲ್ಲಿ ಹೋದವರು 720, ಕೊನೆಗಳಿಗೆಯಲ್ಲಿ ಹಿಂದೆ ಸರಿದವರು 239. ಮೆಕ್ಆಡಂ ಎರಡನ್ನೂ ಹೋಲಿಸಿ ನೋಡಿದನು.

ವ್ಯತ್ಯಾಸ ನಂಬಿಕೆಯಲ್ಲಿರಲಿಲ್ಲ. ಹಿಂದೆ ಸರಿದವರು ಬರೆದ ಕಾರಣಗಳೂ ಹೋದವರದರಷ್ಟೇ ಉಜ್ಜ್ವಲವಾಗಿದ್ದವು. ಹೋದವರಲ್ಲಿ ಕಂಡ ಮುಖ್ಯ ಭೇದವೆಂದರೆ, ಅವರು ಹೆಚ್ಚು ಸಂಘಗಳಲ್ಲಿ ಇದ್ದವರು, ಮತ್ತು ಅವರು ಕೊಟ್ಟ ಹತ್ತು ಹೆಸರುಗಳಲ್ಲಿ ತಮ್ಮೊಡನೆ ಹೊರಟ ಆಪ್ತ ಗೆಳೆಯರ ಹೆಸರುಗಳು ಇದ್ದವು. ಹಿಂದೆ ಸರಿದವರ ಪಟ್ಟಿಯಲ್ಲಿಯಾದರೋ ಇತರ ಸ್ವಯಂಸೇವಕರು ಕಡಿಮೆ. ಮನೆಯವರ ವಿರೋಧವೂ ಕೆಲವರ ಕೈ ಹಿಡಿದೆಳೆದಿತ್ತು. ಇದರ ಬಲವೇನೆಂಬುದಕ್ಕೆ ಆ ಬೇಸಗೆಯೇ ಸಾಕ್ಷಿ. ಜೂನ್ 21ರಂದು ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ಮಿಸಿಸಿಪಿಯಲ್ಲಿ ಕಣ್ಮರೆಯಾದರು. ಕೊಲೆಯಾಗಿತ್ತೆಂಬುದು ಆಮೇಲೆ ತಿಳಿಯಿತು. ಎರಡನೆಯ ತಂಡ ಆಗಿನ್ನೂ ಒಹಾಯೊದ ಒಂದು ಕಾಲೇಜಿನಲ್ಲಿ ತರಬೇತಿಯಲ್ಲಿತ್ತು. ಹೋಗಬಯಸುವವರು ಮನೆಗೆ ಹೋಗಬಹುದು, ಯಾರೂ ತಪ್ಪೆಣಿಸುವುದಿಲ್ಲವೆಂದು ಮುಂದಾಳುಗಳು ಬಿಡಿಸಿ ಹೇಳಿದರು. ಹೊರಟುಹೋದವರು ಕೆಲವೇ ಮಂದಿ.

ಈಗ ನನ್ನ ಮಾತು. ನಾನು 239ರ ಗುಂಪಿಗೆ ಸೇರಿದವನು.

1999ರಲ್ಲಿ ನಾನು ಬಿ.ಎ. ಓದುತ್ತಿದ್ದಾಗ, ನಮ್ಮೂರಿನ ರಸ್ತೆಬದಿಯ ಹೋಟೆಲಿನಲ್ಲಿ ಎರಡು ಬಗೆಯ ಲೋಟಗಳಿದ್ದವು. ನಮ್ಮ ಮನೆಯವರಿಗೆ ಒಳಗಿನ ಸ್ಟೀಲಿನ ಲೋಟ. ನನ್ನ ಹಾಸ್ಟೆಲಿನ ಗೆಳೆಯನ ಮನೆಯವರಿಗೆ ಹೊರಗೋಡೆಯ ಗೂಡಿನಲ್ಲಿಟ್ಟ ಬೇರೆ ಲೋಟ. ಕುಡಿದು ತಾವೇ ತೊಳೆದು ಮತ್ತೆ ಅಲ್ಲಿಯೇ ಇಡಬೇಕು. ನಾವು ಒಂದು ಮನವಿ ಬರೆದೆವು. ಬರೆದದ್ದು ನನ್ನ ಕೈ, ಮೊದಲ ಸಹಿಯೂ ನನ್ನದೇ. ಭಾನುವಾರ ಹನ್ನೊಂದು ಮಂದಿ ಹೋಗಿ ಒಳಗೆ ಕುಳಿತು ಟೀ ಕೇಳುವುದೆಂದು ಗೊತ್ತಾಯಿತು. ಶನಿವಾರ ರಾತ್ರಿ ಗೆಳೆಯ ಬಾಗಿಲಲ್ಲಿ ನಿಂತು, “ಬೆಳಿಗ್ಗೆ ಆರೂವರೆ ಬಸ್ಸು ಕಣೋ” ಎಂದನು. ಬರುತ್ತೇನೆಂದೆ. ಬೆಳಿಗ್ಗೆ ಹೊಟ್ಟೆನೋವೆಂದು ಮಲಗಿದೆ. ಹೋಟೆಲಿನವನು ನಮ್ಮ ತಂದೆಗೆ ಬಾಲ್ಯದ ಸ್ನೇಹಿತ. ರಾತ್ರಿಯೆಲ್ಲ ನನ್ನ ಕಣ್ಣ ಮುಂದೆ ಕುಳಿತವರು ಅವರಿಬ್ಬರೇ. ಅಸ್ಪೃಶ್ಯತೆ ಪಾಪವೆಂಬುದರಲ್ಲಿ ನನಗೆ ಹಿಂದಿನ ದಿನವೂ ಸಂಶಯವಿರಲಿಲ್ಲ, ಅಂದು ಬೆಳಿಗ್ಗೆಯೂ ಇರಲಿಲ್ಲ.

ಸಂಜೆ ಗೆಳೆಯ ಬಂದನು. ಹೊಟ್ಟೆನೋವು ಹೇಗಿದೆಯೆಂದು ನಿಜವಾಗಿ ಕೇಳಿದನು. ಏನಾಯಿತೆಂದೆ. “ಲೋಟದ ಭೇದ ಹೋಯ್ತು ಮಾರಾಯ. ಎಲ್ಲರಿಗೂ ಪ್ಲಾಸ್ಟಿಕ್ ಲೋಟ ತಂದಿಟ್ಟ” ಎಂದು ನಕ್ಕನು. ಕಾಯಿದೆಯ ಪ್ರಕಾರ ಅದೊಂದು ಗೆಲುವು. ಅವನ ನಗೆಗೆ ನಾನು ನಗಲಾರದೆ ಹೋದೆ.

ಇಷ್ಟನ್ನು, ಲೋಟದ ಕಥೆಯನ್ನೂ ಬಿಡದೆ, ಅದೇ ತರಗತಿಯಲ್ಲಿ ಒಂದು ದಿನ ಹೇಳಿದೆ. ವಿದ್ಯಾರ್ಥಿಗಳ ಮುಂದೆ ಮೇಷ್ಟ್ರು ತನ್ನ ಹೇಡಿತನವನ್ನು ಹೇಳಿಕೊಳ್ಳಬಾರದೆಂದು ನಮ್ಮ ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ಇರಲಿ. ಆಮೇಲೆ ಆ ಚಿತ್ರದ ಮೂವರು ಅಲ್ಲಿಗೆ ಬಂದು ಕುಳಿತ ಕ್ರಮವನ್ನು ವಿವರಿಸಿದೆ. ಚಿತ್ರದಲ್ಲಿ ಅವರು ಒಟ್ಟಿಗೆ ಬಂದವರಂತೆ ಕಾಣುತ್ತಾರೆ, ಹಾಗಲ್ಲ. ಅಂದು ಮೊದಲು ಕುಳಿತವರು ಟೂಗಲೂ ಕಾಲೇಜಿನ ಮೂವರು ಕಪ್ಪು ವಿದ್ಯಾರ್ಥಿಗಳು: ಆನ್ ಮೂಡಿ, ಪರ್ಲೀನ ಲೂಯಿಸ್, ಮೆಂಫಿಸ್ ನಾರ್ಮನ್. ಆ ಆನ್ ಮೂಡಿಗೆ, ನೀನು ಊರಿಗೆ ಕಾಲಿಡಬಾರದೆಂದು ಷೆರಿಫ್ ಎಚ್ಚರಿಕೆ ಕೊಟ್ಟಿದ್ದಾನೆಂದು ಮನೆಯಿಂದ ಕಾಗದ ಬಂದಿತ್ತು. ಗುಂಪಿನವನೊಬ್ಬ ನಾರ್ಮನ್‌ನನ್ನು ಕೆಡವಿ ಒದ್ದನು. ಪೊಲೀಸರು ಅವನನ್ನೂ ಹಿಡಿದೊಯ್ದರು. ಆಗ ಜೋನ್ ಟ್ರಂಪಾವರ್ ಎಂಬ ಬಿಳಿಯ ವಿದ್ಯಾರ್ಥಿನಿ, ಅದೇ ಟೂಗಲೂವಿನಲ್ಲಿ ಓದುತ್ತಿದ್ದವಳು, ಬಂದು ಸೇರಿಕೊಂಡಳು. ಅವಳನ್ನೂ ಮೂಡಿಯನ್ನೂ ಎಳೆದುಹಾಕಿದರು. ಮತ್ತೆ ಹೋಗಿ ಕುಳಿತರು. ಹೀಗೆ ಸುಮಾರು ಮೂರು ಗಂಟೆ ಕಾಲ. ಕೊನೆಗೆ ಅವರನ್ನು ಹೊರಗೆ ಕರೆತರಲು ಅವರ ಕಾಲೇಜಿನ ಅಧ್ಯಕ್ಷರೇ ಬಂದರು.

ಇದರ ನಡುವೆ, ಗಲಭೆ ಏರಿದ ಮೇಲೆ, ಆ ಗಂಡಸು ಬಂದನು. ಬೀದಿಯಿಂದ ಒಳಗೆ ಬಂದು, ಆ ಜನವನ್ನು ದಾಟಿ, ಹುಡುಗಿಯರ ಪಕ್ಕದ ಪೀಠದಲ್ಲಿ ಕುಳಿತನು. ಹೆಸರು ಜಾನ್ ಸಾಲ್ಟರ್, ವಯಸ್ಸು 29. ಟೂಗಲೂವಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದನು.

ಹಿಂದಿನ ಬೆಂಚಿನ ಹುಡುಗ ಮತ್ತೆ ಮೊಬೈಲು ತೆಗೆದು, ಚಿತ್ರವನ್ನು ಎರಡು ಬೆರಳಿನಿಂದ ದೊಡ್ಡದಾಗಿಸಿ ಬಹಳ ಹೊತ್ತು ನೋಡಿದನು.

“ಇವರು ಮೇಷ್ಟ್ರಾ, ಸರ್?” ಎಂದು ಕೇಳಿದನು.

ಹೌದೆಂದೆ.